ಹಲಗೆ ಹಾಸುವ ಮುನ್ನ



ಕಳೆದ ಜನವರಿಯಲ್ಲಿ ಅಮೆರಿಕದ ಓಹಾಯೊ ರಾಜ್ಯದಿಂದ ಸದ್ಭಕ್ತರೊಬ್ಬರು ನಮಗೆ ದೂರವಾಣಿ ಮಾಡಿದ್ದರು. ಧಾರವಾಡ ಸೀಮೆಯ ಮನೆತನ. ಬಹಳ ವರ್ಷಗಳಿಂದ ಅಲ್ಲಿ ನೆಲೆಸಿದವರು. ಅವರು ಕೊಂಡಿರುವ ಹಳೆಯ ಮನೆಯಲ್ಲಿ ಒಂದು ಪಡಸಾಲೆ, ಮೂರು ಕೋಣೆಗಳು, ಇವನ್ನೆಲ್ಲ ಕೂಡಿಸುವ ಒಂದು ನಡುಹಾದಿ. ಎಲ್ಲೆಡೆಯೂ ಸವೆದ ಕಾರ್ಪೆಟ್ಟು. ಅದನ್ನು ಕಿತ್ತು, ಓಕ್ ಮರದ ಹಲಗೆಯ ನೆಲವನ್ನು ಪತಿಪತ್ನಿಯರು ತಾವೇ ಹಾಸಬೇಕೆಂದು ಸಂಕಲ್ಪಿಸಿದ್ದಾರೆ. ಆ ದೇಶದಲ್ಲಿ ಕೂಲಿ ದುಬಾರಿ. ತಮ್ಮ ಮನೆಯ ಕಾಯಕವನ್ನು ತಾವೇ ಮಾಡಬೇಕೆಂಬ ಹಂಬಲವೂ ಉಂಟು. ಅವರು ಕೇಳಿದ್ದು ಇಷ್ಟೇ: “ಅಜ್ಜಾರ, ಇನ್ನ 20 ದಿನಕ್ಕ ನಮ್ಮವ್ವ ಬರ್ತಾಳ್ರಿ. ಹಲಗಿ ನಿನ್ನೆ ಬಂದಾವ. ನಾಳೆನ ಶುರು ಮಾಡೂಣೇನ್ರಿ?”

ಮಗನ ಪ್ರೀತಿ ದೊಡ್ಡದು. ಆದರೆ ನಾವು “ಬೇಡ” ಎಂದೆವು. ಹಾಗೆನ್ನಲು ಕಾರಣವಿದೆ.

ನಾವು ಬಾಲ್ಯದಲ್ಲಿ ಮಲೆನಾಡಿನ ಅಂಚಿನ ಒಂದು ಮಠದಲ್ಲಿ ಓದುತ್ತಿದ್ದೆವು. ಅಲ್ಲಿ ಪುಸ್ತಕಗಳನ್ನಿಡುವ ಅಟ್ಟಕ್ಕೆ ಹೊಸ ಹಲಗೆ ಹಾಕಬೇಕಾಯಿತು. ಮುದುಕ ಬಡಗಿಯು, “ಗೋಡೆಯ ಬಳಿ ಬೆರಳಷ್ಟು ಜಾಗ ಬಿಡೋಣ, ಮರ ಇನ್ನಷ್ಟು ದಿನ ಕೂರಲಿ” ಎಂದ. ಜಾತ್ರೆ ಹತ್ತಿರ ಬಂದಿತ್ತು. ವಿದ್ಯಾರ್ಥಿಗಳಾದ ನಾವೇ ಅವನನ್ನು ಅವಸರಪಡಿಸಿ, ಸಂದು ಕಂಡರೆ ಅಂದಗೆಡುತ್ತದೆಂದು ಹಟ ಹಿಡಿದು, ಬೇಸಗೆಯಲ್ಲಿ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಹೊಡೆಸಿದೆವು. ಆಷಾಢದ ಮಳೆ ಹಿಡಿದಾಗ ಹಲಗೆಗಳು ಮೊಳೆಗಳನ್ನು ಕಿತ್ತುಕೊಂಡು ಮೇಲೆದ್ದವು. ಪುಸ್ತಕದ ಕಪಾಟು ಓರೆಯಾಯಿತು. ಬಡಗಿಯು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆ ಮೌನ ನಮಗೆ ಇಂದಿಗೂ ನೆನಪಿದೆ.

ಕಡಿದ ಮರವೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಬಾಗಿಲುಗಳು ಚೌಕಟ್ಟಿಗೆ ಬಿಗಿಯುವುದನ್ನು ಕಾಣದವರಾರು? ಓಕ್ ಹಲಗೆಯಲ್ಲಿನ ತೇವವು ನೂರಕ್ಕೆ 1ರಷ್ಟು ಹೆಚ್ಚಿದರೆ ಅದರ ಅಗಲವು ಸಾವಿರಕ್ಕೆ ಸುಮಾರು 3.7 ಪಾಲು ಹಿಗ್ಗುತ್ತದೆ. ಉದ್ದದಲ್ಲಿ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ಹಾಕಿ ನೋಡಿರಿ. 14 ಅಡಿ ಅಗಲದ ಪಡಸಾಲೆ ಎಂದರೆ 168 ಇಂಚು. ಚಳಿಗಾಲದಿಂದ ಬೇಸಗೆಗೆ ತೇವವು ನೂರಕ್ಕೆ 4ರಷ್ಟು ಏರಿದರೆ ಆ ಹಲಗೆಗಳೆಲ್ಲ ಕೂಡಿ ಸುಮಾರು ಎರಡೂವರೆ ಇಂಚು ಹಿಗ್ಗಬಯಸುತ್ತವೆ. ಮೊಳೆಗಳೂ ಹಲಗೆಗಳ ನಡುವಣ ಸಂದುಗಳೂ ಬಹುಭಾಗವನ್ನು ತಡೆದಾವು. ಉಳಿದುದಕ್ಕೆ ಗೋಡೆಯ ಬುಡದಲ್ಲಿ ಮುಕ್ಕಾಲು ಇಂಚಿನ ಜಾಗ ಬಿಡಲೇಬೇಕು. ಅದರ ಮೇಲೆ ಸ್ಕರ್ಟಿಂಗ್ ಪಟ್ಟಿ ಬರುವುದರಿಂದ ಕಣ್ಣಿಗೆ ಕಾಣದು. ಓಹಾಯೊದಲ್ಲಿ ಚಳಿಗಾಲಕ್ಕೆ ಮನೆಯನ್ನು ಕಾಯಿಸುವುದರಿಂದ ಒಳಗಿನ ಗಾಳಿ ಒಣಗುತ್ತದೆ. ಬೇಸಗೆಯಲ್ಲಿ ಗಾಳಿ ತೇವದಿಂದ ಕೂಡಿರುತ್ತದೆ. ನಮ್ಮ ಅಟ್ಟದ ಕಥೆ ಅಲ್ಲಿಯೂ ನಡೆಯಬಲ್ಲುದು.

ಆದುದರಿಂದ ಹಲಗೆಯ ಪೆಟ್ಟಿಗೆಗಳನ್ನು ಹೊರಗಿನ ಗ್ಯಾರೇಜಿನಲ್ಲಿ ಇರಿಸದೆ, ಮನೆಯನ್ನು ನಿತ್ಯ ವಾಸದ ಹದಕ್ಕೆ ಕಾಯಿಸಿ, ಆಯಾ ಕೋಣೆಯಲ್ಲಿಯೇ ಬಿಚ್ಚಿ, ನಡುವೆ ಗಾಳಿಯಾಡುವಂತೆ ಪೇರಿಸಿಡಬೇಕು. ಎಷ್ಟು ದಿನ ಎಂಬುದನ್ನು ಪಂಚಾಂಗ ಹೇಳದು, ತೇವಮಾಪಕ ಹೇಳುತ್ತದೆ. 3 ಇಂಚಿಗಿಂತ ಕಿರಿದಾದ ಹಲಗೆಯಾದರೆ ಅದಕ್ಕೂ ಕೆಳಗಿನ ಪ್ಲೈವುಡ್ಡಿಗೂ ತೇವದ ಅಂತರ ನೂರಕ್ಕೆ 4ನ್ನು ಮೀರಬಾರದು. 3 ಇಂಚು ಅಥವಾ ಅದಕ್ಕಿಂತ ಅಗಲವಾದರೆ 2ನ್ನು ಮೀರಬಾರದು. ನೆಲದಡಿ ಮಣ್ಣಿನ ಟೊಳ್ಳು ಜಾಗವಿದ್ದರೆ ಆ ಮಣ್ಣಿಗೆ ಪಾಲಿಥಿನ್ ಹಾಳೆ ಹೊದಿಸಿ ತೇವವನ್ನು ಮೊದಲು ತಡೆಯಬೇಕು.

ಇನ್ನು ಕೊಳ್ಳುವ ಲೆಕ್ಕ. ಈ ಭಕ್ತರ ಪಡಸಾಲೆ 18 ಅಡಿಗೆ 14. ಕೋಣೆಗಳು 14ಕ್ಕೆ 12, 12ಕ್ಕೆ 11, 12ಕ್ಕೆ 10. ನಡುಹಾದಿ 16ಕ್ಕೆ 3. ಒಟ್ಟು 720 ಚದರ ಅಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಹತ್ತರಲ್ಲೊಂದು ಪಾಲು, ಅಂದರೆ 72 ಅಡಿ, ಸೇರಿಸಿದರೆ 792. ಪೆಟ್ಟಿಗೆಯೊಂದರಲ್ಲಿ 20 ಚದರ ಅಡಿ ಇದ್ದರೆ 40 ಪೆಟ್ಟಿಗೆಗಳು. ಎಲ್ಲವನ್ನೂ ಒಮ್ಮೆಗೇ ಕೊಳ್ಳುವುದು ಲೇಸು. ಬೇರೆ ಬೇರೆ ಸಲ ಬಂದ ಮರದ ಬಣ್ಣ ಬೇರೆಯಾಗಬಹುದು. ಹಾಸುವಾಗಲೂ ನಾಲ್ಕಾರು ಪೆಟ್ಟಿಗೆಗಳ ಹಲಗೆಗಳನ್ನು ಬೆರೆಸಿ ಹಾಸಬೇಕು.

ಹಲವು ಕೋಣೆಗಳ ನೆಲವನ್ನು ಹಲವು ನೆಲಗಳೆಂದು ಎಣಿಸುವುದೇ ದೊಡ್ಡ ತಪ್ಪು. ಅದು ಒಂದೇ ನೆಲ. ಇಂದು ಈ ಕೋಣೆ, ಮುಂದಿನ ವಾರ ಆ ಕೋಣೆ ಎಂದು ಒಂದೊಂದನ್ನೂ ಅದರದರ ಗೋಡೆಯಿಂದ ಆರಂಭಿಸಿದವರಿಗೆ ಬಾಗಿಲಲ್ಲಿ ಸಾಲುಗಳು ಕೂಡುವುದಿಲ್ಲ. ಗೋಡೆಗಳು ಒಂದಕ್ಕೊಂದು ನೇರವಾಗಿರುವುದು ಅಪರೂಪ. ಆದುದರಿಂದ ಮೊದಲು ಕಾಗದದ ಮೇಲೆ ಮನೆಯನ್ನೆಲ್ಲ ಬರೆದು, ಒಂದೇ ಮೂಲಸೂತ್ರವನ್ನು ನಿಶ್ಚಯಿಸಬೇಕು. ಹಲಗೆಯು ಕೆಳಗಿನ ತೊಲೆಗಳಿಗೆ ಅಡ್ಡವಾಗಿ ಬಂದರೆ ನೆಲ ಗಟ್ಟಿ. ಇವರ ಮನೆಯ ತೊಲೆಗಳು ನಡುಹಾದಿಗೆ ಅಡ್ಡವಾಗಿರುವುದರಿಂದ ಹಲಗೆ ಹಾದಿಯುದ್ದಕ್ಕೂ ಓಡಬಹುದು. ಇದು ಅವರ ಪುಣ್ಯ. ಹಾದಿಯ ನಡುವೆ ಬಣ್ಣದ ದಾರ ಹೊಡೆದು ಆ ಗೆರೆಯನ್ನು ಪಡಸಾಲೆಗೂ ಕೋಣೆಗೂ ಒಯ್ಯಬೇಕು. 3, 4, 5 ಅಡಿಗಳ ತ್ರಿಕೋನದಿಂದ ಮೂಲೆಮಟ್ಟವನ್ನು ಪರೀಕ್ಷಿಸಬೇಕು. 16 ಅಡಿಯ ಹಾದಿಯಲ್ಲಿ ಗೆರೆ ಕಾಲು ಇಂಚು ಓರೆಯಾದರೆ, ಪಡಸಾಲೆ, ಕೋಣೆಗಳನ್ನು ಸೇರಿ 48 ಅಡಿ ಹೋಗುವಷ್ಟರಲ್ಲಿ ಅದು ಮುಕ್ಕಾಲು ಇಂಚಾಗುತ್ತದೆ. ಹಲಗೆಯ ಒಂದು ಅಂಚಿನಲ್ಲಿ ಏಣು, ಇನ್ನೊಂದರಲ್ಲಿ ತೋಡು ಇರುತ್ತದೆ. ನಡುಗೆರೆಯಿಂದ ಎರಡೂ ಕಡೆಗೆ ಹೋಗಬೇಕಾದಾಗ ತೋಡಿನ ಕಡೆಗೆ ತೆಳುವಾದ ಮರದ ಪಟ್ಟಿಯನ್ನು ಸೇರಿಸಿ ಅದನ್ನೇ ಏಣನ್ನಾಗಿ ಮಾಡಿಕೊಳ್ಳುವರು. ಅಕ್ಕಪಕ್ಕದ ಸಾಲುಗಳ ತುದಿಸಂದುಗಳ ನಡುವೆ ಕನಿಷ್ಠ 6 ಇಂಚು ಅಂತರವಿರಲಿ. ಕಿರಿಯ ಹಲಗೆಗೆ 8ರಿಂದ 10 ಇಂಚಿಗೊಂದು ಮೊಳೆ ಸಾಕು.

ಕಾರ್ಪೆಟ್ಟು ಕೀಳುವಾಗಲೂ ಎಚ್ಚರ ಬೇಕು. 1980ಕ್ಕಿಂತ ಹಿಂದಿನ ಮನೆಗಳಲ್ಲಿ ಅದರಡಿ 9 ಇಂಚಿನ ಚೌಕ ಬಿಲ್ಲೆಗಳೂ ಕಪ್ಪು ಅಂಟೂ ಇದ್ದರೆ, ಅವುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಪರೀಕ್ಷೆ ಮಾಡಿಸದೆ ಒಡೆಯಲೂ ಬಾರದು, ಉಜ್ಜಲೂ ಬಾರದು.

ಈಗ ತಾಯಿಯವರ ಮಾತು. ಹಲಗೆಯ ದಪ್ಪ ಮುಕ್ಕಾಲು ಇಂಚು. ಅಷ್ಟು ನೆಲ ಏರಿದರೆ ಬಚ್ಚಲುಮನೆಯ ಬಾಗಿಲಲ್ಲಿ ಒಂದು ಸಣ್ಣ ಮೆಟ್ಟಿಲು ಹುಟ್ಟುತ್ತದೆ. ಯುವಕರು ಅದನ್ನು ಲಕ್ಷಿಸರು. ಆದರೆ ದೃಷ್ಟಿ ಮಂದವಾದ ವೃದ್ಧೆಯೊಬ್ಬಳು ರಾತ್ರಿ ಎದ್ದು ಹೋಗುವಾಗ ಹೆಬ್ಬೆರಳು ತಗುಲಿದರೆ ಸೊಂಟದ ಮೂಳೆಯೇ ಮುರಿದೀತು. ಪ್ರತಿಯೊಂದು ಬಾಗಿಲಲ್ಲಿಯೂ ನೆಲದ ಎತ್ತರವನ್ನು ಮೊದಲೇ ಅಳೆದು, ಅಂತರವಿದ್ದಲ್ಲಿ ಇಳಿಜಾರಾದ ಮರದ ಪಟ್ಟಿಯನ್ನು ಈಗಲೇ ತರಿಸಿಡಬೇಕು. ಹಲಗೆಗಳು ಕಾರ್ಖಾನೆಯಲ್ಲಿಯೇ ಮೆರುಗು ಪಡೆದು ಬಂದವಾದರೆ ಮನೆಯಲ್ಲಿ ಉಜ್ಜುವ ಧೂಳೂ ವಾರ್ನಿಷಿನ ವಾಸನೆಯೂ ತಪ್ಪುತ್ತವೆ.

ಹೀಗಾಗಿ ನಾವು ಹೇಳಿದ್ದು ಇದು: ತಾಯಿಯವರ ಕೋಣೆಯ ಕಾರ್ಪೆಟ್ಟನ್ನು ಸದ್ಯಕ್ಕೆ ಕೀಳಬೇಡಿರಿ, ತೊಳೆಯಿಸಿರಿ. ಮೆತ್ತೆಯೊಡನೆ ಅದರ ದಪ್ಪವೂ ಸುಮಾರು ಹಲಗೆಯಷ್ಟೇ ಇರುವುದರಿಂದ ಆಕೆಯ ಬಾಗಿಲಲ್ಲಿ ಏರುಪೇರು ಹೆಚ್ಚಾಗದು. ಈ 20 ದಿನಗಳನ್ನು ಅಳತೆಗೆ, ಗೆರೆಗೆ, ಕೆಳನೆಲವನ್ನು ರಸಮಟ್ಟದಿಂದ ನೋಡಿ ಸಮ ಮಾಡುವುದಕ್ಕೆ ವಿನಿಯೋಗಿಸಿರಿ. ಮರ ಹದಕ್ಕೆ ಬಂದ ಮೇಲೆ ನಡುಹಾದಿಯಿಂದ ಆರಂಭಿಸಿರಿ. ಅವ್ವನ ಕೋಣೆ ಕೊನೆಗೆ ಬರಲಿ. ಅಷ್ಟರಲ್ಲಿ ನಿಮ್ಮ ಕೈಯೂ ಪಳಗಿರುತ್ತದೆ.

“ಅವ್ವ ಬಂದಾಗ ಅರ್ಧಮರ್ಧ ಕೆಲಸ ಕಾಣಸ್ತದಲ್ರಿ?” ಎಂದು ಅವರು ನೊಂದುಕೊಂಡರು. ಕಾಣಿಸಲಿ. ತಾಯಿಯು ಅಷ್ಟು ದೂರ ಬರುವುದು ಮಗನ ಮುಖವನ್ನು ನೋಡಲು. ಆಕೆಯನ್ನು ಒಂದು ಕುರ್ಚಿಯಲ್ಲಿ ಕುಳ್ಳಿರಿಸಿರಿ. ಉದ್ದದ್ದು, ಗಿಡ್ಡದ್ದು, ಬಣ್ಣ ಕೂಡುವುದು ಎಂದು ಹಲಗೆಗಳನ್ನು ಆರಿಸಿಕೊಡಲಿ. ಕಾಳು ಆರಿಸಿ ಪಳಗಿದ ಕಣ್ಣು ಅದು.

ಆ ದಂಪತಿಗಳ ಕೈಗೆ ತಾಳ್ಮೆಯೂ ಆ ಮನೆಗೆ ಸುಖವೂ ದೊರೆಯಲಿ ಎಂದು ಹಾರೈಸುತ್ತೇವೆ.