ಕಾಣದಂತೆ ಕವಿಯುವ ಕುರುಡು

ಬಿಳಿ ಹಾಳೆಯೊಂದರ ಎಡಗಡೆ ಕೂಡುವ ಚಿಹ್ನೆಯನ್ನೂ ಅದರಿಂದ 8 ಸೆಂ.ಮೀ. ಬಲಕ್ಕೆ ಸಣ್ಣ ಕಪ್ಪು ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ದಿಟ್ಟಿಸುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಮಾಯ! ಆದರೆ ಅಲ್ಲಿ ತೂತೇನೂ ಕಾಣದು. ಬಿಳಿ ಹಾಳೆಯೇ ಕಾಣುತ್ತದೆ. ಖಾಲಿ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ.

ಈ ಕುರುಡು ಚುಕ್ಕೆ ಇರುವುದು ನೇತ್ರನರವು ಅಕ್ಷಿಪಟಲವನ್ನು ಬಿಟ್ಟು ಹೊರಡುವ ಜಾಗದಲ್ಲಿ. ಸುಮಾರು 10 ಲಕ್ಷ ನರತಂತುಗಳು ಅಲ್ಲಿ ಒಂದುಗೂಡಿ ಮಿದುಳಿನತ್ತ ಸಾಗುತ್ತವೆ. ಗ್ಲಾಕೋಮಾ ರೋಗದಲ್ಲಿ ಈ ತಂತುಗಳು ಕ್ರಮೇಣ ಸಾಯುತ್ತವೆ. ಕಣ್ಣಿನೊಳಗಿನ ದ್ರವದ ಒತ್ತಡ ಹೆಚ್ಚುವುದು ಮುಖ್ಯ ಕಾರಣ. ಒತ್ತಡ ಸಹಜವಾಗಿದ್ದವರಿಗೂ ರೋಗ ಬರುವುದುಂಟು. ಹೆಚ್ಚಿನವರಿಗೆ ನೋವಿರುವುದಿಲ್ಲ. ಅಂಚಿನ ನೋಟ ಹೋದರೂ ಮಿದುಳು ಅದನ್ನು ಮರೆಮಾಚುತ್ತದೆ. ಹೋದ ದೃಷ್ಟಿ ಮತ್ತೆ ಬಾರದು.

ಹಾಗಾದರೆ ಹಾನಿಯನ್ನು ಅಳೆಯುವುದು ಹೇಗೆ? 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತಮ್ಮ ಆಫ್ತಾಲ್ಮೋಸ್ಕೋಪನ್ನು ಪ್ರಕಟಿಸಿದಾಗ, ಜೀವಂತ ಕಣ್ಣಿನ ಒಳಭಾಗವನ್ನು ನೋಡುವ ದಾರಿ ತೆರೆಯಿತು. ಇಂದು ಕ್ಯಾಮೆರಾ ಆ ಚಿತ್ರ ತೆಗೆಯುತ್ತದೆ. ಅದರಲ್ಲಿ ನರದ ತುದಿ ತಟ್ಟೆಯಂತೆ, ಅದರ ನಡುವೆ ಬಟ್ಟಲಿನಂಥ ಗುಳಿ ಕಾಣುತ್ತದೆ. ತಂತುಗಳು ಸತ್ತಂತೆ ಗುಳಿ ಹಿಗ್ಗುತ್ತದೆ. ತಟ್ಟೆಯಲ್ಲಿ ಗುಳಿಯ ಪಾಲೆಷ್ಟು ಎಂಬುದೇ ಅಳತೆ. ತೊಡಕೂ ಇಲ್ಲೇ. ಹುಟ್ಟಿನಿಂದ ತಟ್ಟೆ ದೊಡ್ಡದಿದ್ದವರಿಗೆ ದೊಡ್ಡ ಗುಳಿ ಸಹಜ, 0.6 ಎಂಬ ಪಾಲು ಒಬ್ಬರಿಗೆ ಆರೋಗ್ಯ, ಇನ್ನೊಬ್ಬರಿಗೆ ರೋಗ. ಒಂದೇ ಪ್ರಬಂಧಕ್ಕೆ ಇಬ್ಬರು ಮೌಲ್ಯಮಾಪಕರು ಬೇರೆ ಬೇರೆ ಅಂಕ ಕೊಡುವಂತೆ, ಒಂದೇ ಚಿತ್ರಕ್ಕೆ ಇಬ್ಬರು ತಜ್ಞರ ಅಂದಾಜೂ ಬೇರೆಯಾಗಬಹುದು.

1991ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಓ.ಸಿ.ಟಿ. ವಿಧಾನ ಬೆಳಕಿನ ಪ್ರತಿಫಲನದಿಂದ ನರತಂತು ಪದರದ ದಪ್ಪವನ್ನೇ ಅಳೆಯುತ್ತದೆ. ಆರೋಗ್ಯವಂತರಲ್ಲಿ ಅದು ಸರಾಸರಿ ಸುಮಾರು 100 ಮೈಕ್ರಾನ್. ಆದರೆ ರೋಗ ಬಲಿತು 50ರ ಆಸುಪಾಸಿಗೆ ಇಳಿದ ಮೇಲೆ ಅಂಕಿ ಅಲ್ಲೇ ನಿಲ್ಲುತ್ತದೆ. ಆಗ ಉಳಿದಿರುವುದು ಬಹುಮಟ್ಟಿಗೆ ರಕ್ತನಾಳ ಮತ್ತು ಆಧಾರ ಅಂಗಾಂಶ. ಅಂಕಿ ಕದಲದಿದ್ದರೂ ದೃಷ್ಟಿ ಕುಗ್ಗುತ್ತಿರಬಹುದು. ಅದನ್ನು ತಿಳಿಯಲು, ಮಿನುಗುವ ಬೆಳಕು ಕಂಡಾಗಲೆಲ್ಲ ರೋಗಿ ಗುಂಡಿ ಒತ್ತುವ ದೃಷ್ಟಿಕ್ಷೇತ್ರ ಪರೀಕ್ಷೆ ಬೇಕು. ರೋಗಿ ದಣಿದರೆ ಆ ಫಲಿತಾಂಶವೂ ಏರುಪೇರಾಗುತ್ತದೆ.

ಆದ್ದರಿಂದ ವೈದ್ಯರು ಒಂದು ಅಳತೆಯನ್ನೇ ನಂಬದೆ, ಎಲ್ಲವನ್ನೂ ಹಿಂದಿನ ವರ್ಷಗಳ ದಾಖಲೆಯೊಡನೆ ಹೋಲಿಸುತ್ತಾರೆ. ಹಳೆಯ ವರದಿಗಳನ್ನು ರದ್ದಿಗೆ ಹಾಕಬೇಡಿ. ಅಜ್ಜ, ಅಜ್ಜಿ, ಹೆತ್ತವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಮಕ್ಕಳ ಕಣ್ಣು ತುರಿಸಿತೆಂದು ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಹನಿ ಹಾಕಬೇಡಿ. ಅದೂ ಕಣ್ಣಿನ ಒತ್ತಡವನ್ನು ಏರಿಸಬಲ್ಲದು.