ದೇವನಳ ಮತ್ತು ಅದರ ದೈತ್ಯ ಬಳಗ

ಪುಣೆಯ ಮಾಗಿಯ ಚಳಿ ಹೇಗಿರುತ್ತದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ನಸುಕಿನಲ್ಲಿ ಹಾಲಿನವನಿಗೆ ಬಾಗಿಲು ತೆರೆಯುವಾಗ ಶಾಲು ಹೊದ್ದಿರಬೇಕು. ಅದೇ ದಿನ ಮಧ್ಯಾಹ್ನ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದರೆ ನೆತ್ತಿ ಸುಡುತ್ತದೆ. ಬೆಳಗಿನ ಹತ್ತು ಹನ್ನೆರಡು ಡಿಗ್ರಿಗೂ ಮಧ್ಯಾಹ್ನದ ಮೂವತ್ತು ಡಿಗ್ರಿಗೂ ನಡುವೆ ಆರೇಳು ಗಂಟೆಗಳ ಅಂತರವಷ್ಟೆ. ನಾವಾದರೆ ಶಾಲು ಹೊದೆಯುತ್ತೇವೆ, ತೆಗೆಯುತ್ತೇವೆ. ನಿಂತಲ್ಲೇ ನಿಂತಿರುವ ಗಿಡ ಏನು ಮಾಡಬೇಕು? ಈ ಸಲದ ನಮ್ಮ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಚಳಿಗಾಲದಲ್ಲಿ ಮಹಾಬಳೇಶ್ವರಕ್ಕೆ ಹೋಗಿಬಂದವರು ಕೆಲವೊಮ್ಮೆ ಕೇಳುವುದುಂಟು: “ಗುಡ್ಡದ ಇಳಿಜಾರಿನಲ್ಲಿ ಆಳೆತ್ತರದ ಬಿಳಿಯ ಹೂಗೊನೆಯ ಗಿಡ ನಿಂತಿತ್ತಲ್ಲ, ಅದೇನು?” ಅದಕ್ಕೆ ಮರಾಠಿಯಲ್ಲಿ ದೇವನಳವೆಂದು ಹೆಸರು. ಕನ್ನಡದಲ್ಲಿ ಕಾಡುಹೊಗೆಸೊಪ್ಪು. ಸಸ್ಯಶಾಸ್ತ್ರಜ್ಞರು ಲೊಬೇಲಿಯ ನಿಕೋಟಿಯಾನಿಫೋಲಿಯ ಎನ್ನುತ್ತಾರೆ. ಹೊಗೆಸೊಪ್ಪಿನಂಥ ಎಲೆಯುಳ್ಳ ಲೊಬೇಲಿಯ ಎಂದು ಅದರ ಅರ್ಥ. ಲೊಬೇಲಿಯ ಎಂಬುದು ಹದಿನಾರನೆಯ ಶತಮಾನದ ಫ್ಲೆಮಿಶ್ ಸಸ್ಯಶಾಸ್ತ್ರಜ್ಞ ಮತ್ತಿಯಾಸ್ ದ ಲೊಬೆಲ್ ಎಂಬವರ ಹೆಸರಿನಿಂದ ಬಂದದ್ದು. ಒಂದೇ ಗಿಡ, ಎರಡು ಮಾತು: ಮರಾಠಿಗರು ಅದರ ಟೊಳ್ಳು ಕಾಂಡವನ್ನು ಕಂಡು ನಳವೆಂದರು, ಕನ್ನಡಿಗರು ಅಗಲವಾದ ಎಲೆಯನ್ನು ಕಂಡು ಹೊಗೆಸೊಪ್ಪೆಂದರು. ಎರಡೂ ನಿಜವೇ. ಇಲ್ಲಿಯ ಸಹ್ಯಾದ್ರಿಯಿಂದ ಹಿಡಿದು ಕುದುರೆಮುಖ, ಬಾಬಾಬುಡನ್‌ಗಿರಿ, ಕೊಡಗು, ನೀಲಗಿರಿಗಳವರೆಗೆ ಈ ಗಿಡ ಹಬ್ಬಿದೆ. ರಾಜ್ಯಗಳ ಗಡಿ ಅದಕ್ಕೆ ಗೊತ್ತಿಲ್ಲ.

ಈ ಗಿಡದ ರೀತಿಯೇ ಬೇರೆ. ಎಳೆಯದಿದ್ದಾಗ ಎಲೆಗಳೆಲ್ಲ ಒಂದೆಡೆ ಸೇರಿ, ಭೂತಾಳೆಯಲ್ಲಿ ಕಾಣುವಂತೆ ಚಕ್ರಾಕಾರವಾಗಿ ಹರಡಿಕೊಳ್ಳುತ್ತವೆ. ಇದನ್ನು ನಾವು ಎಲೆಚಕ್ರವೆನ್ನೋಣ. ಆಮೇಲೆ ನಡುವಿನಿಂದ ಕಾಂಡವೆದ್ದು ಐದಾರು ಅಡಿ, ಕೆಲವೆಡೆ ಇನ್ನೂ ಎತ್ತರ ಬೆಳೆದು, ತುದಿಯಲ್ಲಿ ಉದ್ದನೆಯ ಹೂಗೊನೆಯನ್ನು ಹೊರುತ್ತದೆ. ಹೂ ಬಿಳಿ, ಇಲ್ಲವೆ ನಸುನೀಲಿ. ಎಲೆ ಮುರಿದರೆ ಹಾಲು ಒಸರುತ್ತದೆ.

ನಮ್ಮ ದೇವನಳವೇನೂ ಸಣ್ಣದಲ್ಲ. ಆದರೂ ಅದರ ಬಂಧುಗಳ ಮುಂದೆ ಅದು ಮಗು. ಆ ಬಂಧುಗಳಿರುವುದು ಪೂರ್ವ ಆಫ್ರಿಕದಲ್ಲಿ. ಕೀನ್ಯಾ ಪರ್ವತ (5,199 ಮೀಟರು), ಕಿಲಿಮಂಜಾರೊ (5,895 ಮೀಟರು), ಇಥಿಯೋಪಿಯದ ಎತ್ತರದ ಬೆಟ್ಟಗಳು ಅವುಗಳ ತವರು. ನೈರೋಬಿ, ದಾರ್-ಎಸ್-ಸಲಾಮಗಳಲ್ಲಿ ನೆಂಟರಿರುವ ಮನೆಗಳು ನಮ್ಮಲ್ಲಿಯೂ ಇದ್ದಾವು. ಅಂಥವರು ಇನ್ನೊಮ್ಮೆ ಕಾಗದ ಬರೆಯುವಾಗ ಈ ಗಿಡಗಳ ವಿಚಾರ ಕೇಳಬಹುದು. ಭೂಮಧ್ಯರೇಖೆಯ ಬಳಿ ಇರುವ ಆ ಪರ್ವತಗಳ ಮೇಲೆ ಸುಮಾರು ನಾಲ್ಕು ಸಾವಿರ ಮೀಟರಿನ ಎತ್ತರದಲ್ಲಿ ಲೊಬೇಲಿಯಗಳೂ, ಡೆಂಡ್ರೊಸೆನೆಸಿಯೊ ಎಂಬ ಸೂರ್ಯಕಾಂತಿ ಕುಲದ ಗಿಡಗಳೂ ಮರದಂತೆ ಬೆಳೆದು ನಿಂತಿವೆ.

ಅಲ್ಲಿಯ ಹವೆ ಪುಣೆಯ ಮಾಗಿಯನ್ನು ಹತ್ತು ಪಟ್ಟು ಕಠಿಣ ಮಾಡಿದಂತೆ. ನಮ್ಮ ಹಿಮಾಲಯದಲ್ಲಿ ಬೇಸಗೆ ಬೇರೆ, ಚಳಿಗಾಲ ಬೇರೆ. ಗಿಡಗಳು ಹಿಮ ಬೀಳುವ ತಿಂಗಳುಗಳಲ್ಲಿ ನೆಲದೊಳಗೆ ಅಡಗಿ ನಿದ್ರಿಸಿ, ಬೇಸಗೆಯಲ್ಲಿ ಏಳುತ್ತವೆ. ಭೂಮಧ್ಯರೇಖೆಯ ಬೆಟ್ಟದ ಮೇಲೆ ಆ ಅನುಕೂಲವಿಲ್ಲ. ಅಲ್ಲಿ ದಿನದಿನವೂ ಹಗಲು ಬೇಸಗೆ, ರಾತ್ರಿ ಚಳಿಗಾಲ. ಈ ಮಾತನ್ನು ವಿಜ್ಞಾನಲೋಕದಲ್ಲಿ ರೂಢಿಗೆ ತಂದವರು ಆಫ್ರಿಕದ ಬೆಟ್ಟದ ಸಸ್ಯಗಳನ್ನು ಬಹುಕಾಲ ಅಭ್ಯಾಸ ಮಾಡಿದ ಸ್ವೀಡನ್ನಿನ ಓಲೋವ್ ಹೆಡ್‌ಬರ್ಗ್. ವರ್ಷದ ಯಾವ ರಾತ್ರಿಯಾದರೂ ನೀರು ಹೆಪ್ಪುಗಟ್ಟಬಹುದು. ಬೆಳಗಾದೊಡನೆ ಪ್ರಖರವಾದ ಬಿಸಿಲು ಎಲೆಯ ಮೇಲೆ ಬೀಳುತ್ತದೆ. ಎಲೆ ನೀರು ಬೇಡುತ್ತದೆ. ಬೇರಿನ ಸುತ್ತಲ ಮಣ್ಣೋ ಇನ್ನೂ ಮರಗಟ್ಟಿಯೇ ಇರುತ್ತದೆ. ಮೇಲೆ ಬಾಯಾರಿಕೆ, ಕೆಳಗೆ ಬೀಗ ಹಾಕಿದ ಬಾವಿ!

ಈ ಇಕ್ಕಟ್ಟಿನಿಂದ ಪಾರಾಗಲು ಆ ಗಿಡಗಳು ಮಾಡಿಕೊಂಡ ಏರ್ಪಾಡನ್ನು ನಮ್ಮ ಗೃಹಿಣಿಯರು ಮೆಚ್ಚದೆ ಇರಲಾರರು. ಮೊದಲನೆಯದು ಬಾಗಿಲು ಮುಚ್ಚುವುದು. ಸಂಜೆಯಾದೊಡನೆ ಎಲೆಚಕ್ರದ ಎಲೆಗಳು ಒಳಮುಖವಾಗಿ ಮಡಿಚಿಕೊಂಡು ಎಲೆಕೋಸಿನಂತೆ ಆಗುತ್ತವೆ. ನಡುವಿನ ಕುಡಿ ಬೆಚ್ಚಗಿರುತ್ತದೆ. ಎರಡನೆಯದು ಹಳೆಯದನ್ನು ಎಸೆಯದಿರುವುದು. ಡೆಂಡ್ರೊಸೆನೆಸಿಯೊ ತನ್ನ ಒಣಗಿದ ಎಲೆಗಳನ್ನು ಉದುರಿಸುವುದಿಲ್ಲ. ಅವು ಕಾಂಡದ ಸುತ್ತ ಜೋತುಬಿದ್ದು ದಪ್ಪ ಕೌದಿಯಾಗುತ್ತವೆ. ಮೂರನೆಯದು ಮನೆಯೊಳಗೇ ನೀರು ತುಂಬಿಟ್ಟುಕೊಳ್ಳುವುದು. ಕಾಂಡದ ನಡುವಿನ ಮೆದುವಾದ ತಿರುಳಿನಲ್ಲಿ ನೀರು ಸಂಗ್ರಹವಾಗಿರುತ್ತದೆ. ಮಣ್ಣು ಕರಗುವವರೆಗೆ ಬೆಳಗಿನ ಖರ್ಚು ಅದರಿಂದಲೇ ನಡೆಯುತ್ತದೆ. ಕೌದಿಯೇ ಇಲ್ಲದಿದ್ದರೆ ತಿರುಳಿನ ನೀರೂ ಹೆಪ್ಪುಗಟ್ಟುತ್ತದೆ.

ಕೌದಿಯ ಮಾತು ಬರಿಯ ಊಹೆಯಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿ ಎಸ್ಪೆಲೆಶಿಯ ಎಂಬ ಇಂಥದೇ ದೈತ್ಯ ಗಿಡವುಂಟು. ವೆನೆಜುವೆಲದಲ್ಲಿ ಸಂಶೋಧಕರು ಕೆಲವು ಗಿಡಗಳ ಒಣ ಎಲೆಗಳನ್ನು ಕಿತ್ತು ಪರೀಕ್ಷಿಸಿದರು. ಆ ಗಿಡಗಳಿಗೆ ನೀರಿನ ಕೊರತೆಯುಂಟಾಗಿ ಅವು ಸೊರಗಿ ಸತ್ತವು. ನೋಡುವವರ ಕಣ್ಣಿಗೆ ಕಸವಾದದ್ದು ಗಿಡಕ್ಕೆ ಪ್ರಾಣವಾಗಿತ್ತು.

ಕೀನ್ಯಾ ಪರ್ವತದ ಒಂದು ಲೊಬೇಲಿಯ ಇನ್ನೂ ಜಾಣ. ಅದರ ಎಲೆಚಕ್ರ ಬಟ್ಟಲಿನಂತೆ ನೀರು ಹಿಡಿಯುತ್ತದೆ. ರಾತ್ರಿ ಆ ನೀರಿನ ಮೇಲುಭಾಗ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ತನ್ನಲ್ಲಿದ್ದ ಶಾಖವನ್ನು ಹೊರಬಿಡುತ್ತದೆಂದು ಶಾಲೆಯ ಮಕ್ಕಳೂ ಬಲ್ಲರು. ಹೀಗಾಗಿ ಮೇಲಿನ ಗಡ್ಡೆ ಮುಚ್ಚಳವಾಗಿ, ಕೆಳಗಿನ ನೀರು ನೀರಾಗಿಯೇ ಉಳಿದು, ಅದರೊಳಗಿನ ಕುಡಿ ಬದುಕುತ್ತದೆ. ಅದರ ನೆರೆಯಲ್ಲೇ ಬೆಳೆಯುವ ಇನ್ನೊಂದು ಜಾತಿಗೆ, 1887ರಲ್ಲಿ ಆ ಪರ್ವತವನ್ನೇರಹೊರಟ ಹಂಗೇರಿಯ ಕೌಂಟ್ ಟೆಲೆಕಿಯ ಹೆಸರನ್ನಿಟ್ಟಿದ್ದಾರೆ. ಅದು ಅನೇಕ ವರ್ಷ ಬೆಳೆದು, ಒಮ್ಮೆ ಮಾತ್ರ ರೋಮಮಯವಾದ ದೊಡ್ಡ ಹೂಗೊನೆಯನ್ನು ಎತ್ತಿ, ಬೀಜ ಕೊಟ್ಟು ಸಾಯುತ್ತದೆ. ಆ ಹೂಗಳ ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ. ನಮ್ಮ ಸಹ್ಯಾದ್ರಿಯ ಕಾರವಿಯೂ ನೀಲಗಿರಿಯ ಕುರಿಂಜಿಯೂ ಇದೇ ವ್ರತದವು: ವರ್ಷಗಟ್ಟಲೆ ಕಾದು, ಒಮ್ಮೆ ಹೂತು ಮುಗಿದವು.

ಆಫ್ರಿಕದ ಡೆಂಡ್ರೊಸೆನೆಸಿಯೊ, ಆಂಡೀಸಿನ ಎಸ್ಪೆಲೆಶಿಯ, ಹವಾಯಿ ದ್ವೀಪದ ಬೆಳ್ಳಿಕತ್ತಿ ಗಿಡ, ಇವು ಬೇರೆಬೇರೆ ಭೂಭಾಗಗಳಲ್ಲಿ ತಾವುತಾವೇ ಈ ಆಕಾರಕ್ಕೆ ಬಂದವು. ಕಷ್ಟ ಒಂದೇ ಆದಾಗ ಉಪಾಯವೂ ಒಂದೇ ಆಗುವುದುಂಟು. ಆದರೆ ಲೊಬೇಲಿಯಗಳ ಕಥೆ ಸ್ವಲ್ಪ ಬೇರೆ. ಜೀನುಗಳನ್ನು ಹೋಲಿಸಿ ನೋಡಿದ ಇತ್ತೀಚಿನ ಅಧ್ಯಯನಗಳು ದೈತ್ಯ ಲೊಬೇಲಿಯಗಳ ಮೂಲ ಏಷ್ಯದಲ್ಲಿದ್ದು, ಅಲ್ಲಿಂದ ಅವು ಆಫ್ರಿಕಕ್ಕೂ ಬೇರೆಡೆಗೂ ಹೋದುವೆಂದು ಸೂಚಿಸುತ್ತವೆ. ಅದರ ಬೀಜ ಧೂಳಿನಷ್ಟು ಸಣ್ಣದು. ಊರು ಬಿಟ್ಟು ಬಂದು ಬದುಕು ಕಟ್ಟಿದ ನಮಗೆ ಇದು ತೀರ ಪರಕೀಯವಾದ ಸಂಗತಿಯೇನಲ್ಲ. ಹೋದಲ್ಲಿಯ ಚಳಿಗೆ ತಕ್ಕಂತೆ ಕೌದಿ ಹೊಲಿದುಕೊಂಡರೂ ಹೂವಿನ ಆಕಾರದಲ್ಲಿ ಮನೆತನದ ಗುರುತು ಉಳಿದಿದೆ.

ಹಾಗಾದರೆ ನಮ್ಮ ದೇವನಳ ಏಕೆ ದೈತ್ಯವಾಗಲಿಲ್ಲ? ಮಹಾಬಳೇಶ್ವರ ಸುಮಾರು 1,350 ಮೀಟರು. ಮುಳ್ಳಯ್ಯನಗಿರಿ 1,930ರ ಆಸುಪಾಸು. ನೀಲಗಿರಿಯ ದೊಡ್ಡಬೆಟ್ಟವೂ 2,637. ನೀಲಗಿರಿಯ ಹುಲ್ಲುಗಾವಲಿನಲ್ಲಿ ಮಾಗಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವುದುಂಟು. ಆದರೆ ವರ್ಷವಿಡೀ ರಾತ್ರಿ ರಾತ್ರಿಯೂ ಕೊರೆಯುವ ಶಿಖರ ನಮ್ಮಲ್ಲಿಲ್ಲ. ಅಂಥ ಕೌದಿಯ ಅಗತ್ಯ ಇಲ್ಲಿಯ ಗಿಡಕ್ಕೆ ಬೀಳಲಿಲ್ಲ.

ಪುಣೆಯವರಿಗೆ ಈ ಗಿಡದೊಡನೆ ಹಳೆಯ ನಂಟಿದೆ. ಇಲ್ಲಿಯ ಇಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಥಿಯೋಡೋರ್ ಕುಕ್ ಅವರೇ ಮುಂಬಯಿ ಪ್ರಾಂತದ ಸಸ್ಯಗಳನ್ನೆಲ್ಲ ವರ್ಣಿಸುವ ಮಹಾಗ್ರಂಥ ಬರೆದವರು. ಅದು 1901ರಿಂದ 1908ರವರೆಗೆ ಹೊರಬಂದಿತು. ಆ ಪ್ರಾಂತದಲ್ಲಿ ಅಂದು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಸೇರಿದ್ದುವಾದ್ದರಿಂದ ಅದು ನಮ್ಮ ಊರುಗಳ ಗಿಡಗಳ ಪುಸ್ತಕವೂ ಹೌದು. ಭಾರತೀಯ ಸಸ್ಯ ಸರ್ವೇಕ್ಷಣದ ಪಶ್ಚಿಮ ವಿಭಾಗ 1955ರಿಂದ ಪುಣೆಯಲ್ಲಿಯೇ ಇದೆ.

ಇನ್ನು ಎರಡು ಎಚ್ಚರಿಕೆಯ ಮಾತು. ದೇವನಳ ವಿಷದ ಗಿಡ. ಅದರಲ್ಲಿ ಲೊಬೆಲಿನ್ ಎಂಬ ದ್ರವ್ಯವಿದ್ದು, ದೇಹದ ಮೇಲೆ ಅದರ ಪರಿಣಾಮ ಕೆಲಮಟ್ಟಿಗೆ ನಿಕೋಟಿನ್ನಿನಂತೆ. ಮಿತಿ ಮೀರಿದರೆ ವಾಂತಿ, ಸೆಳವು, ಪ್ರಾಣಾಪಾಯ. ಉಬ್ಬಸಕ್ಕೆ ಇದನ್ನು ಹಿಂದೆ ಔಷಧವಾಗಿ ಬಳಸಿದ್ದುಂಟು. ಅಂದಮಾತ್ರಕ್ಕೆ ಮನೆಯಲ್ಲಿ ಕಷಾಯ ಮಾಡುವ ಸಾಹಸ ಬೇಡ. ಲೊಬೆಲಿನ್ನಿನಿಂದ ಧೂಮಪಾನ ಬಿಡಿಸಬಹುದೆಂದು ಮಾರುತ್ತಿದ್ದ ಸರಕನ್ನು, ಪರಿಣಾಮಕಾರಿಯೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕ ಸರಕಾರ 1993ರಲ್ಲಿ ನಿಷೇಧಿಸಿತು. ಒಣಗಿದ ಟೊಳ್ಳು ಕಾಂಡವನ್ನು ಗುಡ್ಡಗಾಡಿನವರು ಹಿಂದೆ ಊದುಗೊಳವೆ ಮಾಡಿಕೊಳ್ಳುತ್ತಿದ್ದರು. ನಮ್ಮ ಹುಡುಗರು ಅದನ್ನು ಕಂಡು ಬಾಯಿಗಿಡದಂತೆ ನೋಡಿಕೊಳ್ಳಿರಿ. ಒಣ ಗಿಡದ ಧೂಳು ಮೂಗು ಗಂಟಲುಗಳನ್ನು ಉರಿಸುತ್ತದೆ.

ಎರಡನೆಯದು ಗಿಡದ ಪರವಾಗಿ. ಹವಾಯಿಯ ಬೆಳ್ಳಿಕತ್ತಿ ಗಿಡ ಒಂದು ಕಾಲಕ್ಕೆ ಅಳಿವಿನ ಅಂಚಿಗೆ ಬಂದದ್ದು ಮೇಕೆ ದನಗಳಿಂದ ಮಾತ್ರವಲ್ಲ. ಶಿಖರ ಮುಟ್ಟಿದ ಸಾಕ್ಷಿಗಾಗಿ ಪ್ರವಾಸಿಗಳು ಅದನ್ನು ಕಿತ್ತು ತಂದದ್ದರಿಂದಲೂ. ಕಾವಲು ಬಿದ್ದ ಮೇಲೆ ಅದು ಮತ್ತೆ ಹೆಚ್ಚಿತು. ಇಥಿಯೋಪಿಯದ ದೈತ್ಯ ಲೊಬೇಲಿಯಕ್ಕೆ ಈಗ ಬಂದಿರುವ ಕಷ್ಟ ಇನ್ನೂ ದೊಡ್ಡದು. ಭೂಮಿ ಬಿಸಿಯೇರಿದಂತೆ ಬೆಟ್ಟದ ಗಿಡ ಮೇಲೆ ಮೇಲೆ ಸರಿಯಬೇಕು. ಶಿಖರ ಮುಗಿದ ಮೇಲೆ ಎಲ್ಲಿಗೆ ಹೋದೀತು? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಂತೆ 2080ರ ಹೊತ್ತಿಗೆ ಅದಕ್ಕೆ ಒಗ್ಗುವ ನೆಲ ಈಗಿನ ನೂರರಲ್ಲಿ ನಾಲ್ಕು ಪಾಲೂ ಉಳಿಯಲಿಕ್ಕಿಲ್ಲ.

ಅದನ್ನು ಪುಣೆಯಲ್ಲಿ ಕುಳಿತು ನಾವು ತಡೆಯಲಾರೆವು, ನಿಜ. ಆದರೆ ನಮ್ಮ ಗುಡ್ಡಗಳಲ್ಲಿ ಮಾಗಿ ಮುಗಿದು ಹುಲ್ಲು ಒಣಗಿರುವಾಗ ಎಸೆದ ಒಂದು ಬೀಡಿಯ ತುಂಡು ಏನು ಮಾಡೀತೆಂಬುದು ನಮ್ಮ ಕೈಯಲ್ಲಿದೆ. ಮನೆಯ ಹೂದಾನಿಗೆಂದು ಮುರಿದ ಒಂದು ಹೂಗೊನೆಯಲ್ಲಿ ಮುಂದಿನ ಸಾವಿರಾರು ಬೀಜಗಳಿರುತ್ತವೆ. ಮುಂದಿನ ರಜೆಯಲ್ಲಿ ಮಹಾಬಳೇಶ್ವರಕ್ಕೆ ಹೋದಾಗ ಮಕ್ಕಳಿಗೆ ಗಿಡವನ್ನು ದೂರದಿಂದ ತೋರಿಸಿರಿ, ಅದರ ಎರಡು ಹೆಸರುಗಳನ್ನೂ ಹೇಳಿಕೊಡಿರಿ. ಶಾಲೆಯ ಗೆಳೆಯರಿಂದ ದೇವನಳವೆಂಬ ಹೆಸರು ಅವರಿಗೆ ಹೇಗೂ ಸಿಕ್ಕೀತು; ಕಾಡುಹೊಗೆಸೊಪ್ಪೆಂಬ ಹೆಸರನ್ನು ಮನೆಯವರೇ ಕೊಡಬೇಕು.