ಗುಡಿಯಿಂದ ಅಡವಿಗೆ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗರಿಲ್ಲ. ಈ ಮಾತಿನಲ್ಲಿ ‘ನೋಡು’ ಎಂಬ ಪದ ಎರಡು ಸಲ ಬಂದಿದೆ. ಸುತ್ತುವುದೂ ಓದುವುದೂ ನೋಡುವುದಕ್ಕೆ ದಾರಿಗಳೆಂಬುದು ಅದರ ಇಂಗಿತ. ಆದರೆ ನಮ್ಮ ಇಂದಿನ ಪ್ರವಾಸಗಳನ್ನು ಗಮನಿಸಿದರೆ, ಸುತ್ತುವುದು ಉಳಿದು ನೋಡುವುದು ಮರೆತುಹೋಗಿದೆಯೇನೋ ಎಂಬ ಸಂದೇಹ ಬಾರದಿರದು.

ಒಮ್ಮೆ ಸೋಮನಾಥಪುರದ ಕೇಶವ ದೇವಾಲಯದ ಕೈಸಾಲೆಯಲ್ಲಿ ಕುಳಿತಿದ್ದೆ. ಬೆಳಗಿನ ಹತ್ತು ಗಂಟೆಯ ವೇಳೆಗೆ ಶಾಲೆಯೊಂದರ ಪ್ರವಾಸದ ಬಸ್ಸುಗಳೆರಡು ಬಂದು ಹೊರಗೆ ನಿಂತವು. ಮಕ್ಕಳು ಸಾಲಾಗಿ ಒಳಬಂದು, ಜಗತಿಯನ್ನೇರಿ ಒಂದು ಸುತ್ತು ತಿರುಗಿ, ಬಾಗಿಲ ಮುಂದೆ ಚಿತ್ರ ತೆಗೆಸಿಕೊಂಡು, ಅರ್ಧ ಗಂಟೆಯೊಳಗೆ ಮತ್ತೆ ಬಸ್ಸು ಹತ್ತಿದರು. ‘ಬೇಗ ನಡೆಯಿರಿ, ಸಂಜೆ ಬಂಡೀಪುರದಲ್ಲಿ ಹುಲಿ ನೋಡಬೇಕು’ ಎಂದು ಉಪಾಧ್ಯಾಯರೊಬ್ಬರು ಅವಸರಪಡಿಸುತ್ತಿದ್ದರು. ಗೋಡೆಯ ಬುಡದಲ್ಲಿ ಕೆತ್ತಿದ ಆನೆಗಳ ಸಾಲನ್ನು ಬೆರಳು ತೋರಿಸಿ ಎಣಿಸುತ್ತಿದ್ದ ಬಾಲಕಿಯೊಬ್ಬಳು ಎಣಿಕೆಯನ್ನು ಅರ್ಧಕ್ಕೇ ಬಿಟ್ಟು ಓಡಬೇಕಾಯಿತು. ಅವಳ ಅಂದಿನ ಮುಖ ನನಗೆ ಇಂದಿಗೂ ನೆನಪಿದೆ.

ಗುಡಿಯನ್ನೂ ಅಡವಿಯನ್ನೂ ಒಂದೇ ಪ್ರವಾಸದಲ್ಲಿ ಕೂಡಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಜೋಡಿ ದೊರೆಯುವುದು ಕಷ್ಟ. ನನ್ನ ತಕರಾರು ಇರುವುದು ಪ್ರವಾಸದ ಯೋಜನೆಯ ಬಗೆಗೆ. ಎರಡು ದಿನಗಳಲ್ಲಿ ಎಷ್ಟು ಸ್ಥಳಗಳನ್ನು ತುರುಕಬಹುದು ಎಂಬ ಲೆಕ್ಕವನ್ನೇ ನಾವು ಯೋಜನೆಯೆಂದು ಕರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ, ಯಾವುದನ್ನು ಬಿಡಬೇಕೆಂದು ನಿರ್ಧರಿಸುವುದೇ ಪ್ರವಾಸದ ಯೋಜನೆಯ ಮೊದಲ ಕೆಲಸ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಗುಡಿಯೂ ಅಡವಿಯೂ ನಮ್ಮಿಂದ ಏನನ್ನು ಬಯಸುತ್ತವೆ ಎಂಬುದನ್ನು ವಿಚಾರಿಸಬೇಕು.

ಮೈಸೂರಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಸೋಮನಾಥಪುರದ ದೇವಾಲಯವನ್ನು 13ನೆಯ ಶತಮಾನದಲ್ಲಿ, ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, ಸೋಮನಾಥನೆಂಬ ದಂಡನಾಯಕನು ಕಟ್ಟಿಸಿದನು. ಮೂರು ಗರ್ಭಗುಡಿಗಳುಳ್ಳ ಈ ತ್ರಿಕೂಟಾಲಯವು ನಕ್ಷತ್ರಾಕಾರದ ಎತ್ತರವಾದ ಜಗತಿಯ ಮೇಲೆ ನಿಂತಿದೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಇದನ್ನು ಕಡೆದಿದ್ದಾರೆ. ಹೊರಗೋಡೆಯ ಬುಡದಿಂದ ಮೇಲಕ್ಕೆ ಆನೆಗಳ ಸಾಲು, ಕುದುರೆ ಸವಾರರ ಸಾಲು, ಬಳ್ಳಿಯ ಸಾಲು, ಅದರ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ ಕಥಾಪಟ್ಟಿ, ಬಳಿಕ ಮಕರ, ಹಂಸಗಳ ಸಾಲುಗಳಿವೆ. ಹಲವು ವಿಗ್ರಹಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರಿದೆ. ಬೇಲೂರು, ಹಳೇಬೀಡುಗಳ ದೇವಾಲಯಗಳೊಡನೆ ಈ ದೇವಾಲಯವೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಂತಹ ಗೋಡೆಯ ಮುಂದೆ ಅರ್ಧ ಗಂಟೆ ಓಡಾಡುವುದೆಂದರೆ ಗ್ರಂಥವೊಂದರ ಹಾಳೆಗಳನ್ನು ಓದದೆ ಮಗುಚಿದಂತೆ. ಕಥಾಪಟ್ಟಿಯು ಅಕ್ಷರವಿಲ್ಲದ ಪುಸ್ತಕ. ರಾಮಾಯಣವನ್ನು ಬಲ್ಲವನಿಗೆ ಅದು ಮಾತನಾಡುತ್ತದೆ, ಬರಿಗಣ್ಣಿನಿಂದ ಬಂದವನಿಗೆ ಬರಿಯ ಕಲ್ಲಾಗಿಯೇ ಉಳಿಯುತ್ತದೆ. ಶಿಲ್ಪಿಯು ತನ್ನ ಕೆಲಸವನ್ನು ಮುಗಿಸಿ ಏಳು ಶತಮಾನಗಳಿಗೂ ಮೇಲಾಯಿತು. ಉಳಿದಿರುವ ಕೆಲಸ ನೋಡುವವನದು. ಅದಕ್ಕೆ ಬೇಕಾದುದು ಪೂರ್ವಸಿದ್ಧತೆ ಮತ್ತು ಬಿಡುವು.

ಅಡವಿಯ ರೀತಿ ಬೇರೆ. ಗುಡಿಯನ್ನು ಜನರು ನೋಡಲೆಂದು ಕಟ್ಟಿದರು. ಅಡವಿಯು ಯಾರ ನೋಟಕ್ಕಾಗಿಯೂ ಬೆಳೆದುದಲ್ಲ. ಮೈಸೂರು ಅರಸರು ಬೇಟೆಯಾಡುತ್ತಿದ್ದ ಬಂಡೀಪುರದ ಕಾಡು 1931ರಲ್ಲಿ ಅವರಿಂದಲೇ ರಕ್ಷಿತ ಪ್ರದೇಶವಾಯಿತು. ಒಂದು ದಶಕದ ಅನಂತರ ಅದನ್ನು ವಿಸ್ತರಿಸಿದರು. ಸಮೀಪದ ಗೋಪಾಲಸ್ವಾಮಿ ಬೆಟ್ಟದ ದೇವರ ನೆನಪಿನಲ್ಲಿ ಅದಕ್ಕೆ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಹೆಸರಾಯಿತು. ಸೋಮನಾಥಪುರದ ಮೂರು ಗರ್ಭಗುಡಿಗಳಲ್ಲೊಂದರಲ್ಲಿಯೂ ವೇಣುಗೋಪಾಲನೇ ಇದ್ದಾನೆ. ಅವನ ಕೊಳಲಿನ ನಾದಕ್ಕೆ ಗೋವುಗಳು ಮೈಮರೆತು ನಿಂತುದನ್ನು ಶಿಲ್ಪಿ ಕಲ್ಲಿನಲ್ಲಿ ತೋರಿಸಿದ್ದಾನೆ. ಗುಡಿಯ ದೇವರ ಹೆಸರೇ ಅಡವಿಗೂ ಒಂದು ಕಾಲದಲ್ಲಿ ಇದ್ದುದನ್ನು ತಿಳಿದು ಹೊರಟರೆ ಇವೆರಡರ ನಡುವಣ ದಾರಿ ಬೇಸರವೆನಿಸದು.

1972ರ ಗಣತಿಯಲ್ಲಿ ದೇಶದಲ್ಲಿ ಕಂಡುಬಂದ ಹುಲಿಗಳು 1,827 ಮಾತ್ರ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಅಂದಾಜಿನಂತೆ ದೇಶದ ಹುಲಿಗಳ ಸಂಖ್ಯೆ 3,682. ಅವುಗಳಲ್ಲಿ 563 ಕರ್ನಾಟಕದವು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೂ ಕಾಡಿಗೆ ಹೋದವರಿಗೆಲ್ಲ ಹುಲಿ ಕಾಣಿಸಿಕೊಳ್ಳುವುದಿಲ್ಲ. ಅದರ ಮೈಮೇಲಣ ಪಟ್ಟೆಗಳು ಇರುವುದೇ ಹುಲ್ಲು ನೆರಳುಗಳ ನಡುವೆ ಅದನ್ನು ಮರೆಮಾಡುವುದಕ್ಕೆ.

‘ಹುಲಿ ಕಾಣಲಿಲ್ಲ, ಹಣ ದಂಡವಾಯಿತು’ ಎಂದು ಮುಖ ಸಣ್ಣದು ಮಾಡಿಕೊಂಡು ಮರಳುವವರು ಬಹಳ. ಇವರು ಕಾಡನ್ನು ನಾಟಕಶಾಲೆಯೆಂದೂ ಚೀಟಿ ಕೊಂಡವನಿಗೆ ಆಟ ತೋರಿಸಲೇಬೇಕೆಂದೂ ತಿಳಿದಿದ್ದಾರೆ. ಮರದ ಮೇಲಿನ ಮುಸುವ ಕೆಳಗೆ ಮೇಯುವ ಜಿಂಕೆಗಳಿಗೆ ಕಾವಲುಗಾರನಂತಿರುವುದನ್ನು ಇವರು ಗಮನಿಸಿರುವುದಿಲ್ಲ. ಮುಸುವ ಕೆಮ್ಮಿದಂತೆ ಕೂಗಿದರೆ, ಕಡವೆ ಗಕ್ಕನೆ ಸದ್ದು ಮಾಡಿದರೆ, ಹುಲಿಯೋ ಚಿರತೆಯೋ ಹತ್ತಿರದಲ್ಲಿದೆಯೆಂದು ಅರಿಯಬೇಕು. ದಾರಿಯ ಧೂಳಿನ ಹೆಜ್ಜೆಗುರುತು, ಮರದ ತೊಗಟೆಯ ಮೇಲಿನ ಉಗುರಿನ ಗೀರು, ಆನೆ ಮುರಿದ ಬಿದಿರಿನ ಮೆಳೆ, ಕಾಟಿಗಳ ಹಿಂಡು ಮೇದುಹೋದ ಹುಲ್ಲು, ಇವೆಲ್ಲವೂ ಓದಬಲ್ಲವರಿಗೆ ಅಕ್ಷರಗಳೇ. ಜೇನುಕುರುಬರೂ ಸೋಲಿಗರೂ ಈ ಲಿಪಿಯನ್ನು ತಲೆತಲಾಂತರದಿಂದ ಓದುತ್ತ ಬಂದವರು. ಕಾಣದ ಹುಲಿಯನ್ನು ಅದರ ಗುರುತುಗಳಿಂದ ಅರಿತ ವಿದ್ಯಾರ್ಥಿಯು, ಕಂಡ ಹುಲಿಯ ಚಿತ್ರ ತೆಗೆದು ಮರೆತವನಿಗಿಂತ ಹೆಚ್ಚು ಕಲಿತಿರುತ್ತಾನೆ. ಇದಕ್ಕೆ ಬೇಕಾದುದು ತಾಳ್ಮೆ ಮತ್ತು ಮೌನ.

ಇನ್ನು ಇವೆರಡನ್ನೂ ಕೂಡಿಸುವ ದಾರಿ. ಸೋಮನಾಥಪುರದಿಂದ ತಿರುಮಕೂಡಲು ನರಸೀಪುರ, ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಬಂಡೀಪುರಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರು. ಕಾವೇರಿಯ ಬತ್ತದ ಬಯಲಿನಿಂದ ಹೊರಟು, ಕಪಿಲೆಯನ್ನು ದಾಟಿ, ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವುಗಳ ಹೊಲಗಳನ್ನು ಹಾದು, ಒಣಕಾಡಿನ ಅಂಚನ್ನು ಮುಟ್ಟುವ ಈ ದಾರಿಯಲ್ಲಿ ನೆಲದ ಬಣ್ಣವೂ ಬೆಳೆಯೂ ಬದಲಾಗುವುದನ್ನು ಕಾಣಬಹುದು. ಭೂಗೋಳದ ಪಾಠವೊಂದು ಕಿಟಕಿಯ ಹೊರಗೆ ತಾನಾಗಿ ನಡೆಯುತ್ತದೆ. ಬಸ್ಸಿನಲ್ಲಿ ಚಲನಚಿತ್ರದ ಹಾಡುಗಳನ್ನು ಹಾಕಿ ಕಿಟಕಿಯ ಪರದೆ ಎಳೆದು ಕುಳಿತರೆ ಆ ಪಾಠ ತಪ್ಪಿಹೋಗುತ್ತದೆ.

ಕಾಡಿನೊಳಗಣ ಹೆದ್ದಾರಿಯಲ್ಲಿ ಅವಸರಕ್ಕೆ ತೆರುವ ಬೆಲೆ ಇನ್ನೂ ದೊಡ್ಡದು. ವಾಹನಗಳ ವೇಗಕ್ಕೆ ಸಿಕ್ಕಿ ಜಿಂಕೆ, ಆನೆ, ಚಿರತೆಗಳು ಸಾಯುತ್ತಿದ್ದುದರಿಂದ 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಂಚಾರವನ್ನು ನಿಷೇಧಿಸಿದರು. ಕೆಲವು ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿಯುಂಟು. ದಿನವಿಡೀ ಸ್ಥಳದಿಂದ ಸ್ಥಳಕ್ಕೆ ಧಾವಿಸಿದ ಬಸ್ಸೇ ಸಂಜೆ ಬಾಗಿಲು ಮುಚ್ಚುವ ಮೊದಲು ದಾಟಿಬಿಡಬೇಕೆಂದು ಕಾಡಿನಲ್ಲಿ ಓಡುತ್ತದೆ. ಮುಸ್ಸಂಜೆಯಲ್ಲಿಯೇ ಪ್ರಾಣಿಗಳೂ ನೀರಿಗೆ ಹೊರಡುತ್ತವೆ. ನಮ್ಮ ಪಟ್ಟಿಯಲ್ಲಿ ಒಂದು ಸ್ಥಳ ಹೆಚ್ಚಾದುದಕ್ಕೆ ಒಂದು ಜಿಂಕೆಯ ಪ್ರಾಣ ಹೋಗುವುದು ನ್ಯಾಯವೆ?

ಕಾಡಿನಂಚಿನ ಜನರನ್ನೂ ನೆನೆಯಬೇಕು. ನಾವು ಒಂದು ದಿನ ಬಂದು ಹುಲಿಯನ್ನು ಕಾಣಲಿಲ್ಲವೆಂದು ಕೊರಗುತ್ತೇವೆ. ಅವರು ಅದು ಕಾಣದಿರಲಿ ಎಂದು ದಿನವೂ ಹೊಲಕ್ಕೆ ಹೋಗುತ್ತಾರೆ. ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರಿನಲ್ಲಿ ಸರ್ಕಾರವು ಎರಡೂ ಕಡೆ ಸಫಾರಿಯನ್ನು ನಿಲ್ಲಿಸಿತು. ಪ್ರವಾಸ ಕೆಟ್ಟಿತೆಂದು ಅನೇಕರು ಬೇಸರಗೊಂಡಿರಬಹುದು. ಆದರೆ ಅತಿಥಿಯು ಮನೆಯ ಕಷ್ಟವನ್ನು ಅರಿತು ನಡೆಯಬೇಕು. ಆದುದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು, ಪ್ರವೇಶವಿಲ್ಲವೆಂದರೆ ಗೊಣಗದೆ ಒಪ್ಪಿಕೊಳ್ಳುವುದು ಇವೂ ಯೋಜನೆಯ ಭಾಗಗಳೇ.

ಹಾಗಾದರೆ ಒಳ್ಳೆಯ ಯೋಜನೆ ಹೇಗಿರಬೇಕು? ಎರಡು ದಿನಗಳಿಗೆ ಎರಡೇ ಸ್ಥಳಗಳು. ಮೊದಲ ದಿನದ ಬೆಳಗನ್ನು ಪೂರ್ತಿಯಾಗಿ ಗುಡಿಗೆ ಕೊಡಬೇಕು. ಹೊರಡುವ ವಾರದಲ್ಲಿಯೇ ತರಗತಿಯಲ್ಲಿ ರಾಮಾಯಣ, ಭಾರತಗಳ ಕಥಾಭಾಗಗಳನ್ನು ಹಂಚಿಕೊಂಡು, ಒಬ್ಬೊಬ್ಬರು ಗೋಡೆಯ ಒಂದೊಂದು ಭಾಗವನ್ನು ಓದಿ ಉಳಿದವರಿಗೆ ವಿವರಿಸಬೇಕು. ಮಧ್ಯಾಹ್ನದ ಊಟದ ಅನಂತರ ಹೊರಟು, ಬೆಳಕಿರುವಾಗಲೇ ಗುಂಡ್ಲುಪೇಟೆಯನ್ನು ಸೇರಿ ಅಲ್ಲಿ ತಂಗಬೇಕು. ಮರುದಿನ ನಸುಕಿನಲ್ಲಿಯೇ ಎದ್ದು ಕಾಡಿನ ಬಾಗಿಲಿಗೆ ಹೋಗಬೇಕು. ಸಫಾರಿಗೆ ನಮ್ಮ ವಾಹನ ಸಲ್ಲದು. ಅದಕ್ಕೆ ಗೊತ್ತುಪಡಿಸಿದ ವಾಹನದಲ್ಲಿಯೇ ಹೋಗಬೇಕಾದುದರಿಂದ ಮುಂಚಿತವಾಗಿ ಏರ್ಪಾಡು ಮಾಡಿಕೊಂಡಿರಬೇಕು. ಬಣ್ಣಬಣ್ಣದ ಬಟ್ಟೆ, ಕೂಗು, ತಿಂಡಿಯ ಪೊಟ್ಟಣಗಳು ಹೊರಗೇ ಉಳಿಯಲಿ. ರಸ್ತೆಯ ಬದಿಯ ಕೋತಿಗಳಿಗೆ ತಿನಿಸು ಎಸೆಯುವುದು ದಯೆಯಲ್ಲ. ಅದರಿಂದ ಅವು ಕಾಡಿನ ಆಹಾರವನ್ನು ಮರೆತು ವಾಹನಗಳ ಗಾಲಿಗೆ ಸಿಕ್ಕುತ್ತವೆ. ಬೇಸಿಗೆಯಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. 2019ರ ಫೆಬ್ರುವರಿಯ ಬೆಂಕಿಯಲ್ಲಿ ಬಂಡೀಪುರದ ಸಾವಿರಾರು ಹೆಕ್ಟೇರು ಕಾಡು ಸುಟ್ಟುಹೋಯಿತು.

‘ಬಡ ಮಕ್ಕಳು ಮತ್ತೆ ಮತ್ತೆ ಬರಲಾರರು. ಬಂದಾಗಲೇ ಎಲ್ಲವನ್ನೂ ತೋರಿಸಿಬಿಡುವುದು ಲೇಸಲ್ಲವೆ?’ ಎಂದು ಕೆಲವರು ಕೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ತಂದೆತಾಯಿಗಳು ಕಷ್ಟಪಟ್ಟು ಕೂಡಿಸಿಕೊಟ್ಟ ಹಣವದು. ಆದರೆ ಅಷ್ಟು ಕಷ್ಟದಿಂದ ಬಂದ ಅವಕಾಶವಾದುದರಿಂದಲೇ ಅದನ್ನು ಬಸ್ಸಿನ ಆಸನದ ಮೇಲೆ ಕಳೆಯಬಾರದು. ಹಸಿದವನಿಗೆ ಎಂಟು ಬಗೆಯ ಭಕ್ಷ್ಯಗಳನ್ನು ತೋರಿಸಿ ಎಬ್ಬಿಸುವುದಕ್ಕಿಂತ ಎರಡನ್ನು ಹೊಟ್ಟೆತುಂಬ ಬಡಿಸುವುದು ಮೇಲು. ಇನ್ನು ಕೆಲವರು, ‘ಕಾಡಿನ ಹಿತಕ್ಕಾಗಿ ಅಲ್ಲಿಗೆ ಹೋಗದಿರುವುದೇ ಸರಿ’ ಎನ್ನುತ್ತಾರೆ. ಅವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಒಮ್ಮೆಯೂ ಕಾಣದುದರ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ಮುಂದೆ ಕಾಡಿನ ನಡುವೆ ರಸ್ತೆ ಬೇಕೆ ಬೇಡವೆ, ಹಳೆಯ ಗುಡಿಯ ಪಕ್ಕದಲ್ಲಿ ಕಟ್ಟಡ ಏಳಬೇಕೆ ಬೇಡವೆ ಎಂಬುದನ್ನು ತೀರ್ಮಾನಿಸುವ ಪ್ರಜೆಗಳು ಇಂದಿನ ಈ ಮಕ್ಕಳೇ. ಅವರು ಅತಿಥಿಗಳಂತೆ ಹೋಗಿ, ನೋಡಿ, ಬರಲಿ.

ಈ ವರ್ಷ ನಿಮ್ಮ ಶಾಲೆಯಲ್ಲಿಯೂ ಪ್ರವಾಸದ ಮಾತು ಬರಬಹುದು. ಕರಿಹಲಗೆಯ ಮೇಲೆ ಸ್ಥಳಗಳ ಹೆಸರುಗಳನ್ನು ಬರೆದಾಗ ಧೈರ್ಯದಿಂದ ಕೆಲವನ್ನು ಅಳಿಸಿರಿ. ಉಳಿದವುಗಳಿಗೆ ಸಿಗುವ ಸಮಯ ತಾನಾಗಿ ಬೆಳೆಯುತ್ತದೆ. ಗೋಡೆಯ ಮೇಲಣ ಆನೆಗಳನ್ನು ಎಣಿಸಲು ನಿಂತ ಯಾವ ವಿದ್ಯಾರ್ಥಿಯೂ ಎಣಿಕೆಯನ್ನು ಅರ್ಧಕ್ಕೆ ಬಿಟ್ಟು ಓಡಬೇಕಾಗದಿರಲಿ. ಕಲ್ಲಿನ ಆನೆಗಳನ್ನು ಸಾವಧಾನದಿಂದ ನೋಡಲು ಕಲಿತವರು ಮರುದಿನ ಕಾಡಿನ ಆನೆಯೆದುರು ಮೌನವಾಗಿ ಕುಳಿತಿರಲು ಬಲ್ಲರು.